ಬೆನ್ನೆಲುಬು: ಅದರ ರಚನೆ, ರೋಗ ಮತ್ತು ರಕ್ಷಣೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ಈ ದಿನಗಳಲ್ಲಿ ಅನೇಕ ಭಾಷಣಗಳನ್ನು ಕೇಳಿದ್ದೇವೆ. ಅವುಗಳಲ್ಲೆಲ್ಲ ಒಂದು ಮಾತು ಮತ್ತೆ ಮತ್ತೆ ಬಂದಿದೆ. ಇಂಥವರು ಈ ಧರ್ಮಕೇಂದ್ರದ ಬೆನ್ನೆಲುಬಾಗಿದ್ದರು, ಇಂಥವರು ಕಷ್ಟಕಾಲದಲ್ಲಿ ನಮ್ಮ ಬೆನ್ನಿಗೆ ನಿಂತರು ಎಂದು. ಆಧಾರ, ಧೈರ್ಯ, ಸ್ಥಿರತೆ ಇವೆಲ್ಲವನ್ನೂ ಒಂದೇ ಪದದಲ್ಲಿ ಹೇಳಬೇಕಾದಾಗ ಕನ್ನಡಿಗರ ಬಾಯಿಗೆ ಬರುವ ಮಾತು ‘ಬೆನ್ನೆಲುಬು’. ಮಾತಿನಲ್ಲಿ ಇಷ್ಟು ಗೌರವ ಪಡೆದ ಈ ಅಂಗವನ್ನು ದೇಹದಲ್ಲಿ ಮಾತ್ರ ನಾವು ನೆನೆಯುವುದು ಅದು ನೋಯತೊಡಗಿದ ಮೇಲೆಯೇ. ಕಲ್ಲು ಮಣ್ಣನ್ನು ತಲೆಯ ಮೇಲೆ ಹೊತ್ತು ಈ ದೇವಾಲಯವನ್ನು ಕಟ್ಟಿದ ನಮ್ಮ ಹಿರಿಯರ ಬೆನ್ನುಗಳನ್ನು ಸ್ಮರಿಸುವ ಈ ವರ್ಷದಲ್ಲಿ, ನಮ್ಮ ನಮ್ಮ ಬೆನ್ನುಗಳ ವಿಚಾರವನ್ನೂ ಸ್ವಲ್ಪ ಹೊತ್ತು ಆಲೋಚಿಸುವುದು ಅನುಚಿತವಾಗಲಾರದು.

ಸಂತ ಲೂಕರು ವೈದ್ಯರಾಗಿದ್ದರೆಂಬುದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಿಂದ ನಮಗೆ ತಿಳಿದುಬರುತ್ತದೆ. ಬೇರಾವ ಶುಭಸಂದೇಶಕಾರರೂ ಹೇಳದ ಒಂದು ಪ್ರಸಂಗವನ್ನು ಅವರು ತಮ್ಮ ಶುಭಸಂದೇಶದ ೧೩ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾರೆ. ಸಬ್ಬತ್ ದಿನದಂದು ಪ್ರಭು ಯೇಸು ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಿದ್ದಾಗ ಅಲ್ಲಿ ೧೮ ವರ್ಷಗಳಿಂದ ನಡು ಬಾಗಿ, ತಲೆಯೆತ್ತಿ ನಿಲ್ಲಲಾರದ ಒಬ್ಬ ಸ್ತ್ರೀ ಇದ್ದಳು. ಆಕೆ ಕೇಳಿಕೊಂಡಳೆಂದು ಲೂಕರು ಬರೆದಿಲ್ಲ. ಪ್ರಭುವೇ ಆಕೆಯನ್ನು ಕಂಡರು, ಕರೆದರು, ಮುಟ್ಟಿ ನೆಟ್ಟಗೆ ನಿಲ್ಲಿಸಿದರು. ಬೆನ್ನು ಬಿಗಿದು ಕ್ರಮೇಣ ಬಾಗಿಸುವ ಸಂಧಿವಾತದ ಒಂದು ಬಗೆ ಆಕೆಗಿದ್ದಿರಬಹುದೆಂದು ಕೆಲವು ವೈದ್ಯರು ಊಹಿಸಿದ್ದಾರೆ. ಅದೇನೇ ಇರಲಿ, ವೈದ್ಯವೃತ್ತಿಯಲ್ಲಿರುವ ನಮ್ಮ ಮನಸ್ಸನ್ನು ತಟ್ಟುವುದು ಆ ೧೮ ವರ್ಷಗಳು. ಒಂದು ಸಮುದಾಯದ ನಡುವೆಯೇ ಒಬ್ಬಳು ಅಷ್ಟು ಕಾಲ ಬಾಗಿ ನಡೆದಿರುವಾಗ ಸುತ್ತಲಿನವರ ಕಣ್ಣಿಗೆ ಅದು ರೂಢಿಯಾಗಿಹೋಗಿರಬೇಕು.

ಬೆನ್ನಿನ ರೋಗಗಳ ವಿಚಾರದಲ್ಲಿ ಇಂದಿಗೂ ನಮ್ಮ ಜನರನ್ನು ಕಾಡುವುದು ಎರಡು ಸಂಗತಿಗಳು. ಹೆದರಬೇಕಾಗಿಲ್ಲದಲ್ಲಿ ಹೆದರುವುದು ಮೊದಲನೆಯದು; ತಡಮಾಡಬಾರದಲ್ಲಿ ತಡಮಾಡುವುದು ಎರಡನೆಯದು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದೇ ಈ ಭಾಷಣದ ಉದ್ದೇಶ.

ಬೆನ್ನೆಲುಬಿನ ರಚನೆ

ಬೆನ್ನೆಲುಬು ಎಂದು ಒಂದೇ ಮೂಳೆಯಂತೆ ಹೇಳುತ್ತೇವಾದರೂ ಅದು ಒಂದರ ಮೇಲೊಂದು ಪೇರಿಸಿದ ಮೂಳೆಗಳ ಸಾಲು. ಇಂಥ ಒಂದೊಂದು ಮೂಳೆಗೂ ಕಶೇರು ಎಂದು ಹೆಸರು. ಮಗು ಹುಟ್ಟುವಾಗ ಸಾಮಾನ್ಯವಾಗಿ ೩೩ ಕಶೇರುಗಳಿರುತ್ತವೆ. ಕತ್ತಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫. ಈ ೨೪ ಮೂಳೆಗಳು ಜೀವನಪರ್ಯಂತ ಅಲುಗಾಡಬಲ್ಲವು. ಕೆಳಗಿನ ೫ ಮೂಳೆಗಳು ಬೆಳವಣಿಗೆಯ ಕಾಲದಲ್ಲಿ ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿಯೆಂಬ ಒಂದೇ ಮೂಳೆಯಾಗುತ್ತವೆ. ತುದಿಯ ೪ ಚಿಕ್ಕ ಮೂಳೆಗಳು ಕೂಡಿ ಬಾಲಮೂಳೆಯಾಗುತ್ತವೆ. ಹೀಗೆ ಬೆಳೆದ ಮನುಷ್ಯನಲ್ಲಿ ಉಳಿಯುವುದು ೨೬. ಅಷ್ಟುದ್ದ ಕತ್ತಿನ ಜಿರಾಫೆಗೂ ಕತ್ತಿನಲ್ಲಿರುವುದು ನಮ್ಮಂತೆಯೇ ೭ ಕಶೇರುಗಳು ಎಂಬುದು ಸೃಷ್ಟಿಯ ಸೋಜಿಗಗಳಲ್ಲೊಂದು.

ಎದುರಿನಿಂದ ನೋಡಿದಾಗ ಬೆನ್ನೆಲುಬು ನೇರವಾಗಿಯೂ ಪಕ್ಕದಿಂದ ನೋಡಿದಾಗ ಬಳುಕಾಗಿಯೂ ಕಾಣುತ್ತದೆ. ಕತ್ತು ಮತ್ತು ಸೊಂಟದಲ್ಲಿ ಮುಂದಕ್ಕೆ, ಎದೆ ಮತ್ತು ತ್ರಿಕಾಸ್ಥಿಯಲ್ಲಿ ಹಿಂದಕ್ಕೆ ಅದು ಬಾಗಿದೆ. ತಾಯಿಯ ಗರ್ಭದಲ್ಲಿ ಮಗುವಿನ ಬೆನ್ನು ಪೂರ್ತಿಯಾಗಿ ಹಿಂದಕ್ಕೇ ಬಾಗಿರುತ್ತದೆ. ಮಗು ತಲೆಯೆತ್ತಲು ಕಲಿತಂತೆ ಕತ್ತಿನ ಬಾಗು ಮೂಡುತ್ತದೆ. ಎದ್ದು ನಿಂತು ಹೆಜ್ಜೆಯಿಡಲು ಕಲಿತಂತೆ ಸೊಂಟದ ಬಾಗು ಮೂಡುತ್ತದೆ. ಅಂದರೆ ನಮ್ಮ ಬೆನ್ನಿನ ಆಕಾರವನ್ನು ಚಲನೆಯೇ ಪೂರ್ಣಗೊಳಿಸಿದೆ. ಈ ಮಾತನ್ನು ಸಭಿಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಚಿಕಿತ್ಸೆಯ ಪ್ರಸ್ತಾಪ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಕಶೇರುಗಳ ನಡುವೆ ಮೆತ್ತೆಗಳಂಥ ಬಿಲ್ಲೆಗಳಿವೆ. ಡಿಸ್ಕ್ ಎಂದು ಎಲ್ಲರ ಬಾಯಲ್ಲೂ ಕೇಳಿಬರುವುದು ಇದೇ. ಇಂಥ ಬಿಲ್ಲೆಗಳು ಒಟ್ಟು ೨೩. ಪ್ರತಿಯೊಂದರ ಹೊರಭಾಗವು ನಾರಿನ ಪದರಗಳನ್ನು ಸುತ್ತಿ ಮಾಡಿದ ಗಟ್ಟಿ ಉಂಗುರ. ಒಳಭಾಗವು ನೀರಿನಂಶ ಹೆಚ್ಚಾಗಿರುವ ಲೋಳೆಯಂಥ ತಿರುಳು. ಬೆನ್ನೆಲುಬಿನ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಈ ಬಿಲ್ಲೆಗಳದೇ. ಹಗಲೆಲ್ಲ ನಮ್ಮ ಭಾರಕ್ಕೆ ಸಿಕ್ಕಿ ಅವು ನೀರನ್ನು ಸ್ವಲ್ಪ ಕಳೆದುಕೊಳ್ಳುತ್ತವೆ. ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ಆದುದರಿಂದಲೇ ಮನುಷ್ಯನು ಸಾಯಂಕಾಲಕ್ಕಿಂತ ಮುಂಜಾನೆ ಒಂದೆರಡು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ದೊಡ್ಡವರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಮೂಳೆಗಳಿಂದ ಮೆಲ್ಲನೆ ಒಸರಿ ಬರುವ ದ್ರವದಿಂದಲೇ ಅವುಗಳ ಪೋಷಣೆ ನಡೆಯಬೇಕು.

ಕಶೇರುಗಳ ಹಿಂಭಾಗದ ಕಮಾನುಗಳು ಒಂದರ ಮೇಲೊಂದು ಸೇರಿ ಕೊಳವೆಯೊಂದು ಏರ್ಪಡುತ್ತದೆ. ಅದರೊಳಗೆ ಮಿದುಳಿನಿಂದ ಇಳಿದುಬರುವ ಬೆನ್ನುಹುರಿ ಸುರಕ್ಷಿತವಾಗಿದೆ. ಕಿರುಬೆರಳಿನಷ್ಟು ದಪ್ಪದ, ಸುಮಾರು ೪೫ ಸೆಂಟಿಮೀಟರ್ ಉದ್ದದ ಈ ಹುರಿಯ ಮೂಲಕವೇ ಕೈಕಾಲುಗಳಿಗೆ ಆಜ್ಞೆ ಹೋಗುತ್ತದೆ, ಅವುಗಳಿಂದ ಸ್ಪರ್ಶ ಮತ್ತು ನೋವಿನ ವಾರ್ತೆ ಬರುತ್ತದೆ. ಇದರಿಂದ ೩೧ ಜೊತೆ ನರಗಳು ಹೊರಡುತ್ತವೆ. ಹುರಿಯು ಸೊಂಟದ ಮೊದಲ ಎರಡು ಮೂಳೆಗಳ ಸಮೀಪದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಕೂದಲಿನಂತೆ ನರಗಳ ಗೊಂಚಲೊಂದು ಇಳಿಯುತ್ತದೆ. ಮಲಮೂತ್ರಗಳ ಹಿಡಿತವಿರುವುದು ಈ ಗೊಂಚಲಿನ ನರಗಳಲ್ಲಿ.

ಇಷ್ಟಾದರೂ ಮೂಳೆ, ಬಿಲ್ಲೆಗಳು ತಾವಾಗಿಯೇ ನೆಟ್ಟಗೆ ನಿಲ್ಲಲಾರವು. ಹಡಗಿನ ಕಂಬವನ್ನು ಸುತ್ತಲಿನ ಹಗ್ಗಗಳು ಎಳೆದು ಹಿಡಿದಿರುವಂತೆ ಬೆನ್ನಿನ, ಹೊಟ್ಟೆಯ ಮತ್ತು ಪೃಷ್ಠದ ಸ್ನಾಯುಗಳು ಬೆನ್ನೆಲುಬನ್ನು ಹಿಡಿದು ನಿಲ್ಲಿಸಿವೆ. ಹಗ್ಗ ಸಡಿಲವಾದರೆ ಕಂಬ ವಾಲುವುದು.

ಸಾಮಾನ್ಯ ಸೊಂಟನೋವು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೦ರಲ್ಲಿ ಜಗತ್ತಿನಾದ್ಯಂತ ಸುಮಾರು ೬೧ ಕೋಟಿ ೯೦ ಲಕ್ಷ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ಮನುಷ್ಯನನ್ನು ಕೆಲಸಕ್ಕೆ ಅಸಮರ್ಥನನ್ನಾಗಿಸುವ ಕಾರಣಗಳಲ್ಲಿ ಇದೇ ಮೊದಲನೆಯದು. ಆದರೆ ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ಮೂಳೆಯಾಗಲಿ ನರವಾಗಲಿ ಗಂಭೀರವಾಗಿ ಕೆಟ್ಟಿರುವುದಿಲ್ಲ. ಸ್ನಾಯುವಿನ ಸೆಳೆತ, ಕಟ್ಟುಗಳ ಎಳೆತ, ಚಿಕ್ಕ ಸಂಧಿಗಳ ಕೆರಳಿಕೆ ಇತ್ಯಾದಿಗಳಿಂದ ನೋವು ಬಂದಿರುತ್ತದೆ. ಸೊಂಟ ಉಳುಕಿದೆ, ಸೊಂಟ ಹಿಡಿದುಕೊಂಡಿದೆ ಎಂದು ನಾವು ಹೇಳುವುದು ಇದನ್ನೇ. ನೋವು ಎಷ್ಟೇ ತೀವ್ರವಾಗಿದ್ದರೂ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಇಲ್ಲಿಯೇ ಹಳೆಯ ನಂಬಿಕೆಯೊಂದನ್ನು ಬಿಡಬೇಕಾಗಿದೆ. ಸೊಂಟನೋವು ಬಂದವರು ವಾರಗಟ್ಟಲೆ ಹಲಗೆಯ ಮೇಲೆ ಅಲುಗಾಡದೆ ಮಲಗಬೇಕೆಂದು ವೈದ್ಯರೇ ಹೇಳುತ್ತಿದ್ದ ಕಾಲವೊಂದಿತ್ತು. ೧೯೮೬ರಲ್ಲಿ ಅಮೇರಿಕದ ವೈದ್ಯರು ಏಳು ದಿನ ಮಲಗಿದವರನ್ನೂ ಎರಡೇ ದಿನ ಮಲಗಿದವರನ್ನೂ ಹೋಲಿಸಿ ನೋಡಿದರು. ಹೆಚ್ಚು ದಿನ ಮಲಗಿದವರಿಗೆ ಯಾವ ಹೆಚ್ಚಿನ ಪ್ರಯೋಜನವೂ ಆಗಿರಲಿಲ್ಲ. ೧೯೯೫ರಲ್ಲಿ ಫಿನ್ಲೆಂಡಿನ ವೈದ್ಯರು ಮತ್ತೂ ಮುಂದೆ ಹೋಗಿ, ಮಲಗಿದವರು, ವಿಶೇಷ ವ್ಯಾಯಾಮ ಮಾಡಿದವರು, ಸಾಧ್ಯವಾದಷ್ಟು ನಿತ್ಯದ ಕೆಲಸಗಳನ್ನು ಮುಂದುವರಿಸಿದವರು ಎಂದು ಮೂರು ಗುಂಪುಗಳನ್ನು ಪರೀಕ್ಷಿಸಿದರು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಚಲನೆಯಿಂದ ರೂಪುಗೊಂಡ ಅಂಗವು ಚಲನೆಯಿಂದಲೇ ಗುಣವಾಗುವುದರಲ್ಲಿ ಆಶ್ಚರ್ಯವೇನು? ನೋವು ಅತಿಯಾಗಿರುವ ಒಂದೆರಡು ದಿನ ವಿಶ್ರಮಿಸಬಹುದು. ಬಿಸಿನೀರಿನ ಶಾಖ, ವೈದ್ಯರು ಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳಬಹುದು. ಅನಂತರ ಎದ್ದು ಮನೆಯೊಳಗೆ, ಅಂಗಳದಲ್ಲಿ, ರಸ್ತೆಯಲ್ಲಿ ದಿನದಿನವೂ ಸ್ವಲ್ಪ ಸ್ವಲ್ಪ ಹೆಚ್ಚಾಗಿ ನಡೆಯಬೇಕು.

ಇನ್ನೊಂದು ಭಯವು ಚಿತ್ರಗಳಿಂದ ಬರುತ್ತದೆ. ಎಂ.ಆರ್.ಐ. ಪರೀಕ್ಷೆಯ ವರದಿಯಲ್ಲಿ ಬಿಲ್ಲೆ ಉಬ್ಬಿದೆ, ಸವೆದಿದೆ ಎಂಬ ಮಾತನ್ನು ಓದಿ ಜೀವನವೇ ಮುಗಿಯಿತೆಂದು ಕುಗ್ಗುವವರಿದ್ದಾರೆ. ೧೯೯೪ರಲ್ಲಿ ಅಮೇರಿಕದಲ್ಲಿ ಬೆನ್ನುನೋವೇ ಇಲ್ಲದ ೯೮ ಮಂದಿಯನ್ನು ಹೀಗೆ ಪರೀಕ್ಷಿಸಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಾದರೂ ಬಿಲ್ಲೆ ಉಬ್ಬಿರುವುದು ಕಂಡುಬಂದಿತು. ಕೂದಲು ನರೆಯುವಂತೆ ಬಿಲ್ಲೆಗಳೂ ವಯಸ್ಸಿನೊಂದಿಗೆ ಬದಲಾಗುತ್ತವೆ. ನರೆಗೂದಲು ಹೇಗೆ ರೋಗವಲ್ಲವೋ ಹಾಗೆಯೇ ಇವುಗಳಲ್ಲಿ ಅನೇಕವು ರೋಗವಲ್ಲ. ವರದಿಯ ಕಾಗದಕ್ಕಲ್ಲ, ರೋಗಿಗೆ ಚಿಕಿತ್ಸೆ ಮಾಡಬೇಕಾದುದು.

ಆದರೆ ಕೆಲವೊಮ್ಮೆ ಬಿಲ್ಲೆಯ ಹೊರ ಉಂಗುರ ಬಿರಿದು ಒಳಗಿನ ತಿರುಳು ಹೊರಬಂದು ನರವನ್ನು ಒತ್ತುವುದುಂಟು. ಆಗ ನೋವು ಸೊಂಟದಲ್ಲಿ ನಿಲ್ಲದೆ ಪೃಷ್ಠದಿಂದ ತೊಡೆಯ ಹಿಂದಕ್ಕೂ ಮೀನಖಂಡಕ್ಕೂ ಪಾದಕ್ಕೂ ಮಿಂಚಿನಂತೆ ಇಳಿಯುತ್ತದೆ, ಜೋಮು ಹಿಡಿಯುತ್ತದೆ, ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ. ಆಯುರ್ವೇದದಲ್ಲಿ ಗೃಧ್ರಸಿಯೆಂದೂ ಆಧುನಿಕ ವೈದ್ಯದಲ್ಲಿ ಸಯಾಟಿಕಾ ಎಂದೂ ಇದಕ್ಕೆ ಹೆಸರು. ಬಿಲ್ಲೆಯೇ ಇದರ ಕಾರಣವೆಂಬುದನ್ನು ೧೯೩೪ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಸ್ಪಷ್ಟಪಡಿಸಿದರು. ಹೊರಬಂದ ತಿರುಳನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುವುದುಂಟಾದ್ದರಿಂದ ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಎರಡು ಮೂರು ತಿಂಗಳಲ್ಲಿ ಸುಧಾರಿಸುತ್ತಾರೆ. ಅಷ್ಟಕ್ಕೂ ಗುಣವಾಗದೆ ಕಾಲಿನ ನೋವು ಬಾಧಿಸುತ್ತಿದ್ದರೆ, ಅಥವಾ ಕಾಲಿನ ಬಲ ಕುಂದುತ್ತಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರವನ್ನು ತಜ್ಞರೊಡನೆ ಚರ್ಚಿಸಬೇಕು. ಬೆನ್ನಿನ ಶಸ್ತ್ರಚಿಕಿತ್ಸೆಯೆಂದರೆ ಕಾಲು ಹೋದಂತೆಯೇ ಎಂಬ ಮಾತಿಗೆ ಈಗ ಅರ್ಥವಿಲ್ಲ.

ತಡಮಾಡಬಾರದ ಲಕ್ಷಣಗಳು

ಇಷ್ಟರವರೆಗೆ ಹೆದರಬೇಡಿರೆಂದು ಹೇಳಿದೆವು. ಈಗ ತಡಮಾಡಬೇಡಿರೆಂದು ಹೇಳಬೇಕಾಗಿದೆ.

ಸೊಂಟನೋವಿನೊಂದಿಗೆ ಮೂತ್ರ ಕಟ್ಟಿದರೆ, ಅಥವಾ ಮಲಮೂತ್ರಗಳು ಅರಿವಿಲ್ಲದೆ ಹೋದರೆ, ಕುದುರೆಯ ಜೀನಿನ ಮೇಲೆ ಕುಳಿತಾಗ ತಗಲುವ ಭಾಗವು ಮರಗಟ್ಟಿದರೆ, ಎರಡೂ ಕಾಲುಗಳಲ್ಲಿ ಬಲ ಕುಗ್ಗಿದರೆ, ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಿಂದೆ ಹೇಳಿದ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿದೆಯೆಂದು ಇದರ ಅರ್ಥ. ಇಲ್ಲಿ ಗಂಟೆಗಳ ಲೆಕ್ಕವೇ ಹೊರತು ದಿನಗಳ ಲೆಕ್ಕವಲ್ಲ. ಸಂಕೋಚದಿಂದ ಈ ಲಕ್ಷಣಗಳನ್ನು ಮುಚ್ಚಿಡುವವರೇ ಹೆಚ್ಚು, ವಿಶೇಷವಾಗಿ ಸ್ತ್ರೀಯರು. ಮನೆಯವರು ತಾವಾಗಿಯೇ ಕೇಳಿ ತಿಳಿಯಬೇಕು.

ಎರಡನೆಯದು ಕ್ಷಯ. ಕ್ಷಯವೆಂದರೆ ಕೆಮ್ಮು ಮತ್ತು ಶ್ವಾಸಕೋಶ ಎಂದಷ್ಟೇ ನಮ್ಮ ಜನ ಭಾವಿಸುತ್ತಾರೆ. ಮೂಳೆಗಳಿಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನೆಲುಬಿಗೇ ತಗಲುತ್ತದೆ. ಕೆಮ್ಮು ಇಲ್ಲದಿರಬಹುದು. ವಾರಗಳು ಕಳೆದರೂ ಬಿಡದ, ವಿಶ್ರಾಂತಿಗೂ ರಾತ್ರಿಗೂ ಜಗ್ಗದ ಬೆನ್ನುನೋವು, ಸಾಯಂಕಾಲದ ಸಣ್ಣ ಜ್ವರ, ಹಸಿವು ತೂಕ ಇಳಿಯುವುದು, ಬೆನ್ನಿನ ನಡುವೆ ಒಂದೆಡೆ ಗಂಟಿನಂತೆ ಮೂಳೆ ಎದ್ದುಬರುವುದು ಇದರ ಲಕ್ಷಣಗಳು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ೧೭೭೯ರಲ್ಲಿ ಈ ರೋಗವನ್ನೂ ಅದರಿಂದ ಕಾಲುಗಳು ಸ್ವಾಧೀನ ತಪ್ಪುವುದನ್ನೂ ವರ್ಣಿಸಿದನು. ೧೮೮೨ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದನು. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಶತಮಾನಗಳ ಈ ಶಾಪಕ್ಕೆ ಔಷಧ ಬಂದಿತು. ಎಲ್ಲ ರೋಗಿಗಳಿಗೂ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ, ಔಷಧದಿಂದಲೇ ಬಹಳಷ್ಟು ಮಂದಿಯನ್ನು ಗುಣಪಡಿಸಬಹುದು, ಗುಣವಾಗದವರಿಗೆ ಮಾತ್ರ ಶಸ್ತ್ರ ಸಾಕು ಎಂಬ ಮಧ್ಯಮಮಾರ್ಗವನ್ನು ವಾರಾಣಸಿಯ ಡಾಕ್ಟರ್ ಎಸ್. ಎಂ. ತುಲಿಯವರು ೧೯೭೫ರಲ್ಲಿ ಜಗತ್ತಿನ ಮುಂದಿಟ್ಟರು. ನಮ್ಮ ದೇಶದವರ ಈ ಕೊಡುಗೆಯು ಹೆಮ್ಮೆಪಡತಕ್ಕದ್ದು. ಔಷಧವು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಒಂದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ, ಒಂದು ದಿನವೂ ತಪ್ಪದೆ ಸೇವಿಸಬೇಕು. ಎರಡು ತಿಂಗಳಲ್ಲಿ ನೋವು ಇಳಿಯಿತೆಂದು ನಿಲ್ಲಿಸಿದರೆ ರೋಗ ಮತ್ತಷ್ಟು ಹಟಮಾರಿಯಾಗಿ ಮರಳುತ್ತದೆ. ಇದು ಕುಟುಂಬಕ್ಕೆ ಬಂದ ಕಳಂಕವಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡತಕ್ಕ ವಿಷಯವೂ ಅಲ್ಲ. ಮುಚ್ಚಿಟ್ಟದ್ದರಿಂದಲೇ ಗೂನು ಉಳಿಯುತ್ತದೆ, ಕಾಲು ಹೋಗುತ್ತದೆ.

ಉಳುಕು ತೆಗೆಯಲು ಬೆನ್ನನ್ನು ತಿಕ್ಕಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸುವುದು ನಮ್ಮ ಕಡೆ ರೂಢಿಯಲ್ಲಿದೆ. ಸಾಮಾನ್ಯ ಉಳುಕು ತಾನಾಗಿಯೇ ಹೋಗುವಂಥದ್ದು. ತುಳಿದವರಿಗೆ ಕೀರ್ತಿ ಬರುತ್ತದೆ. ಆದರೆ ಕ್ಷಯದಿಂದ ತಿಂದುಹೋದ ಮೂಳೆಯ ಮೇಲೆ, ವಯಸ್ಸಾದವರ ಟೊಳ್ಳಾದ ಮೂಳೆಯ ಮೇಲೆ ಕಾಲಿಟ್ಟರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಮೂರನೆಯದು ಬೀಳು. ತೆಂಗು, ಅಡಿಕೆಯ ಮರದಿಂದ, ಮನೆಯ ಮಾಡಿನಿಂದ, ವಾಹನದಿಂದ ಬಿದ್ದವರನ್ನು ಗಾಬರಿಯಿಂದ ಇಬ್ಬರು ರಟ್ಟೆಗೂ ಇಬ್ಬರು ಕಾಲಿಗೂ ಕೈಹಾಕಿ ಎತ್ತುವುದನ್ನು ಎಲ್ಲೆಲ್ಲೂ ಕಾಣುತ್ತೇವೆ. ಹಾಗೆ ಎತ್ತಿದಾಗ ನಡು ಮಡಿಚಿ, ಮುರಿದ ಮೂಳೆ ಬೆನ್ನುಹುರಿಯನ್ನು ಕತ್ತರಿಸಬಹುದು. ಉಸಿರಾಟ ಸರಿಯಾಗಿದ್ದರೆ ಬಿದ್ದವರನ್ನು ಬಿದ್ದಲ್ಲೇ ಇರಿಸಿ, ತಲೆ ಕತ್ತು ಅಲುಗದಂತೆ ಹಿಡಿದು, ಆಂಬುಲೆನ್ಸ್ ಕರೆಯಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ತಲೆ, ಬೆನ್ನು, ಕಾಲುಗಳನ್ನು ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಚಪ್ಪಟೆಯಾದ ಹಲಗೆಯ ಮೇಲೆ ಮಲಗಿಸಬೇಕು. ಬಾಗಿಲ ಹಲಗೆಯಾದರೂ ಆಗುತ್ತದೆ, ಬೆಂಚಾದರೂ ಆಗುತ್ತದೆ.

ಹುರಿ ಘಾಸಿಗೊಂಡು ಕಾಲುಗಳು ಹೋದವರ ಬದುಕು ಅಲ್ಲಿಗೆ ಮುಗಿಯಿತೆಂದು ಯಾರೂ ತಿಳಿಯಬಾರದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್ ಮೇರಿ ವರ್ಗೀಸರು ೧೯೫೪ರಲ್ಲಿ ವಾಹನದ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅನಂತರ ಅಮೇರಿಕದಲ್ಲಿ ತರಬೇತಿ ಪಡೆದು ಬಂದು ತಮ್ಮಂಥವರಿಗಾಗಿ ಪುನರ್ವಸತಿ ವಿಭಾಗವನ್ನು ಮುನ್ನಡೆಸಿದರು. ೧೯೭೨ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇಂಥ ರೋಗಿ ಮನೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದೇ ಮೊದಲ ಸೇವೆ. ಹಾಗೆ ಮಾಡದಿದ್ದರೆ ಒತ್ತುಹುಣ್ಣಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇವುಗಳಲ್ಲದೆ, ನಾಲ್ವತ್ತು ವರ್ಷದೊಳಗಿನ ಯುವಕರಿಗೆ ಮುಂಜಾನೆ ಏಳುವಾಗ ಬೆನ್ನು ಬಿಗಿದು, ಓಡಾಡಿದಂತೆ ಸಡಿಲಾಗುವ ನೋವು ಮೂರು ತಿಂಗಳಿಗೂ ಮಿಕ್ಕಿದ್ದರೆ, ಬೆನ್ನನ್ನು ಬಿದಿರಿನಂತೆ ಬೆಸೆಯುವ ಆ ಸಂಧಿವಾತದ ಶಂಕೆ ಮಾಡಬೇಕು. ಬೇಗ ಗುರುತಿಸಿದರೆ ಈಗ ಒಳ್ಳೆಯ ಔಷಧಗಳಿವೆ. ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬೆನ್ನುನೋವು ಬಂದರೂ ಉಪೇಕ್ಷಿಸಬಾರದು.

ಬಾಗಿದ ಬೆನ್ನುಗಳು

ಬೆಳೆಯುವ ಮಕ್ಕಳಲ್ಲಿ, ವಿಶೇಷವಾಗಿ ೧೦ರಿಂದ ೧೬ ವರ್ಷದ ಹೆಣ್ಣುಮಕ್ಕಳಲ್ಲಿ, ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವುದುಂಟು. ಬಹುಪಾಲು ಇದಕ್ಕೆ ಕಾರಣ ಗೊತ್ತಾಗುವುದಿಲ್ಲ, ನೋವೂ ಇರುವುದಿಲ್ಲ. ಪರೀಕ್ಷಿಸುವ ಕ್ರಮ ಸುಲಭ. ಮಗು ಎರಡು ಕೈ ಜೋಡಿಸಿ ಮುಂದಕ್ಕೆ ಬಾಗಲಿ. ತಾಯಿ ಹಿಂದಿನಿಂದ ನೋಡಲಿ. ಬೆನ್ನಿನ ಒಂದು ಪಕ್ಕ ಮತ್ತೊಂದಕ್ಕಿಂತ ಎತ್ತರವಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು. ಬೆಳವಣಿಗೆ ಮುಗಿಯುವ ಮೊದಲೇ ಕಂಡುಕೊಂಡರೆ ಪಟ್ಟಿ ಧರಿಸಿ ಬಾಗು ಹೆಚ್ಚದಂತೆ ತಡೆಯಬಹುದೆಂಬುದು ೨೦೧೩ರ ಅಧ್ಯಯನದಿಂದ ದೃಢಪಟ್ಟಿದೆ. ಸ್ತ್ರೀಯ ಗರ್ಭದಲ್ಲಿಯೇ ಬೆನ್ನೆಲುಬಿನ ಕಮಾನು ಮುಚ್ಚಿಕೊಳ್ಳದೆ ಹುಟ್ಟುವ ಮಕ್ಕಳೂ ಇದ್ದಾರೆ. ಗರ್ಭಧಾರಣೆಗೆ ಮೊದಲಿನಿಂದಲೇ ಫಾಲಿಕ್ ಆಮ್ಲದ ಮಾತ್ರೆ ಸೇವಿಸಿದರೆ ಇಂಥ ದೋಷಗಳಲ್ಲಿ ಬಹುಭಾಗವನ್ನು ತಡೆಯಬಹುದೆಂದು ೧೯೯೧ರಲ್ಲೇ ಸಿದ್ಧವಾಗಿದೆ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ಒಂದು ಮಾತನ್ನು ಸೇರಿಸಿದರೆ ಅನೇಕ ಕುಟುಂಬಗಳು ಹರಸುವುವು.

ಇನ್ನು ನಮ್ಮ ವೃದ್ಧ ತಾಯಂದಿರು. ಮುಟ್ಟು ನಿಂತ ಮೇಲೆ ಮೂಳೆಯ ಸಾರ ಬೇಗ ಬೇಗ ಕಡಿಮೆಯಾಗಿ ಮೂಳೆ ಟೊಳ್ಳಾಗುತ್ತದೆ. ಬಕೆಟ್ಟು ಎತ್ತಿದಾಗ, ಬಸ್ಸು ಕುಲುಕಿದಾಗ, ಕೆಲವೊಮ್ಮೆ ಕೆಮ್ಮಿದಾಗಲೂ ಕಶೇರು ಒಳಗೇ ಕುಸಿಯುತ್ತದೆ. ಹೀಗೆ ಒಂದೆರಡು ಕುಸಿದರೆ ಎತ್ತರ ತಗ್ಗಿ ಬೆನ್ನು ಗೂನಾಗುತ್ತದೆ. ಅಜ್ಜಿಗೆ ವಯಸ್ಸಾಯಿತು, ಬಾಗಿದ್ದಾಳೆ ಎಂದು ನಾವು ಸುಮ್ಮನಿರುತ್ತೇವೆ. ಅದು ವಯಸ್ಸಷ್ಟೇ ಅಲ್ಲ, ಚಿಕಿತ್ಸೆಯಿರುವ ರೋಗ. ಇನ್ನೊಂದು ಮೂಳೆ ಕುಸಿಯದಂತೆ ತಡೆಯಬಲ್ಲ ಔಷಧಗಳಿವೆ.

ಬೆನ್ನು ಬಾಗಿದವರನ್ನು ಮರೆಮಾಡುವ ದುರಭ್ಯಾಸ ಹೊಸದಲ್ಲ. ಇಟಲಿಯಲ್ಲಿ ೧೨೮೭ರಲ್ಲಿ ಹುಟ್ಟಿದ ಮಾರ್ಗರೆಟ್ ಎಂಬ ಮಗುವಿಗೆ ಕಣ್ಣು ಕಾಣುತ್ತಿರಲಿಲ್ಲ, ಬೆನ್ನು ವಕ್ರವಾಗಿತ್ತು, ಮೈ ಕುಬ್ಜವಾಗಿತ್ತು. ಕುಲೀನರಾದ ತಂದೆತಾಯಿಗಳು ನಾಚಿಕೆಯಿಂದ ಆಕೆಯನ್ನು ಚಿಕ್ಕ ದೇವಾಲಯವೊಂದರ ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಕೂಡಿಹಾಕಿದರು. ಕೊನೆಗೆ ಕಸ್ತೆಲ್ಲೊ ನಗರದಲ್ಲಿ ಬಿಟ್ಟುಹೋದರು. ಆಕೆಯನ್ನು ಮನೆಗೆ ಕರೆದುಕೊಂಡವರು ಆ ಊರಿನ ಬಡವರು. ದೊಮಿನಿಕರ ಮೂರನೆಯ ಸಭೆಯನ್ನು ಸೇರಿ, ಮಕ್ಕಳಿಗೆ ಪಾಠ ಹೇಳಿ, ಸೆರೆಯಾಳುಗಳನ್ನು ಸಂತೈಸಿ, ೧೩೨೦ರಲ್ಲಿ ಆಕೆ ಪ್ರಭುವಿನಲ್ಲಿ ನಿದ್ರಿಸಿದಳು. ೨೦೨೧ರ ಏಪ್ರಿಲ್ ೨೪ರಂದು ಜಗದ್ಗುರು ಫ್ರಾನ್ಸಿಸರು ಆಕೆಯನ್ನು ಸಂತಳೆಂದು ಘೋಷಿಸಿದರು. ಹೆತ್ತವರು ಮರೆಮಾಡಿದವಳನ್ನು ಧರ್ಮಸಭೆಯು ಪೀಠದ ಮೇಲಿರಿಸಿತು.

ಬೆನ್ನಿನ ರಕ್ಷಣೆ

ನಿತ್ಯಜೀವನದಲ್ಲಿ ಪಾಲಿಸತಕ್ಕ ನಿಯಮಗಳು ಹೆಚ್ಚೇನಿಲ್ಲ. ಭಾರವನ್ನು ಎತ್ತುವಾಗ ಮೈಗೆ ಹತ್ತಿರವಾಗಿ ಹಿಡಿಯಬೇಕು. ಬೆನ್ನಿನ ಸ್ನಾಯುಗಳು ಬಿಲ್ಲೆಯ ನಡುಭಾಗದಿಂದ ಸುಮಾರು ೫ ಸೆಂಟಿಮೀಟರ್ ಹಿಂದಿವೆ. ೧೦ ಕಿಲೋ ಭಾರವನ್ನು ೫೦ ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ ಅದನ್ನು ತೂಗಿಸಲು ಸ್ನಾಯುಗಳು ೧೦೦ ಕಿಲೋ ಭಾರದಷ್ಟು ಬಲ ಹಾಕಬೇಕಾಗುತ್ತದೆ. ಏತದ ಲೆಕ್ಕವೇ ಇದು. ಅದೇ ಭಾರವನ್ನು ಎದೆಗವಚಿ ಹಿಡಿದರೆ ಈ ಹೊರೆ ಬಹಳ ಕಡಿಮೆ. ಮೊಣಕಾಲು ಮಡಿಸಿ ಎತ್ತಬೇಕು, ಎತ್ತುತ್ತಲೇ ನಡು ತಿರುಚಬಾರದು.

ಬೀಡಿ ಕಟ್ಟುವವರು, ಹೊಲಿಗೆ ಮಾಡುವವರು, ಕಂಪ್ಯೂಟರಿನ ಮುಂದೆ ಕುಳಿತವರು, ದೀರ್ಘಕಾಲ ವಾಹನ ನಡೆಸುವವರು ಅರ್ಧ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಪ್ರತಿದಿನ ಅರ್ಧ ಗಂಟೆಯ ನಡಿಗೆಗಿಂತ ಅಗ್ಗವಾದ ಔಷಧ ಬೆನ್ನಿಗೆ ಬೇರೊಂದಿಲ್ಲ. ಮೂಳೆಗೆ ಸುಣ್ಣದಂಶ ಬೇಕು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಮ್ ಇದೆ. ಹಾಲು, ಮೊಸರು, ಮುಳ್ಳಿನೊಡನೆ ತಿನ್ನುವ ಚಿಕ್ಕ ಮೀನು, ಸೊಪ್ಪುಗಳೂ ಒಳ್ಳೆಯವು. ಮೈಗೆ ಸ್ವಲ್ಪ ಬಿಸಿಲು ಬೀಳಬೇಕು. ಹೊಗೆಬತ್ತಿಯು ಶ್ವಾಸಕೋಶದಂತೆ ಬಿಲ್ಲೆಗಳಿಗೂ ಹಾನಿಕರ.

ಸಮುದಾಯದ ಹೊಣೆ

ಕೊನೆಯದಾಗಿ ನಮ್ಮ ದೇವಾಲಯಕ್ಕೇ ಸಂಬಂಧಿಸಿದ ಒಂದು ಮಾತು. ಮೊಣಕಾಲೂರಲಾಗುವುದಿಲ್ಲ, ಇತರರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಭಾನುವಾರದ ಬಲಿಪೂಜೆಗೆ ಬರುವುದನ್ನೇ ಬಿಟ್ಟ ಹಿರಿಯರು ಊರೂರಿನಲ್ಲಿದ್ದಾರೆ. ಅನಾರೋಗ್ಯವಿರುವವರು ಮೊಣಕಾಲೂರಬೇಕಾಗಿಲ್ಲವೆಂದು ಬಲಿಪೂಜೆಯ ವಿಧಿನಿಯಮಗಳೇ ಹೇಳುತ್ತವೆ. ಕುಳಿತವರ ಪ್ರಾರ್ಥನೆಯೂ ದೇವರಿಗೆ ಕೇಳಿಸುತ್ತದೆ. ಬಾಗಿಲ ಬಳಿ ಒರಗುಳ್ಳ ನಾಲ್ಕು ಕುರ್ಚಿಗಳು, ಮೆಟ್ಟಿಲ ಪಕ್ಕದಲ್ಲಿ ಹಿಡಿಕಂಬಿ, ಗಾಲಿಕುರ್ಚಿ ಏರುವಂಥ ಇಳಿಜಾರು ಇವಿಷ್ಟನ್ನು ಶತಮಾನೋತ್ಸವದ ಕಾಣಿಕೆಯಾಗಿ ನಾವು ಕೊಡಬಹುದು. ಕ್ಷಯದ ಔಷಧ ಸೇವಿಸುವವರು ನೆರೆಯಲ್ಲಿದ್ದರೆ ವರ್ಷಪೂರ್ತಿ ಅವರ ಬೆನ್ನಿಗೆ ನಿಲ್ಲಬಹುದು. ಹಾಸಿಗೆ ಹಿಡಿದವರ ಮಗ್ಗುಲು ಬದಲಾಯಿಸಲು ಕೈ ನೀಡಬಹುದು. ದೇವಾಲಯಕ್ಕೆ ಬರಲಾರದವರ ಮನೆಗೆ ಪರಮಪ್ರಸಾದದೊಡನೆ ನಾವೂ ಹೋಗಬಹುದು.

ಆ ಸಬ್ಬತ್ ದಿನದಂದು ಪ್ರಾರ್ಥನಾಮಂದಿರದ ಅಧಿಕಾರಿಗೆ ನಿಯಮ ಕಂಡಿತು, ಬಾಗಿದವಳು ಕಾಣಲಿಲ್ಲ. ಸಬ್ಬತ್ತಿನಂದೂ ಎತ್ತು ಕತ್ತೆಗಳ ಹಗ್ಗ ಬಿಚ್ಚಿ ನೀರಿಗೆ ಕರೆದೊಯ್ಯುವವರು ಅಬ್ರಹಾಮನ ಈ ಮಗಳನ್ನು ಇನ್ನೂ ಒಂದು ದಿನ ಕಟ್ಟಿಯೇ ಇರಿಸಬೇಕೇ ಎಂಬುದು ಪ್ರಭುವಿನ ಪ್ರಶ್ನೆಯ ತಾತ್ಪರ್ಯ. ಹದಿನೆಂಟು ವರ್ಷ ಕಾದವಳಿಗೆ ಒಂದು ದಿನದ ತಡವೂ ಸಲ್ಲದೆಂದು ಅವರು ಭಾವಿಸಿದರು. ವೈದ್ಯರಾದ ನಮಗೂ, ಈ ಧರ್ಮಕೇಂದ್ರದ ಮಕ್ಕಳಾದ ನಮ್ಮೆಲ್ಲರಿಗೂ ಅದೇ ಆದರ್ಶವಾಗಲಿ. ಈ ಸಭೆ ಮುಗಿದು ಮನೆಗೆ ಹೋದ ಮೇಲೆ ನಮ್ಮ ಮನೆಯಲ್ಲಿ, ನಮ್ಮ ಕೇ­ರಿಯಲ್ಲಿ ಬಾಗಿ ನಡೆಯುವವರು ಯಾರೆಂದು ಒಮ್ಮೆ ಕಣ್ಣಿಟ್ಟು ನೋಡೋಣ. ಎಷ್ಟು ದಿನದಿಂದ ನೋವಿದೆಯೆಂದು ಕೇಳೋಣ.

ಇಷ್ಟು ಹೊತ್ತು ಗಟ್ಟಿ ಬೆಂಚುಗಳ ಮೇಲೆ ತಾಳ್ಮೆಯಿಂದ ಕುಳಿತು ಕೇಳಿದ್ದೀರಿ. ಇನ್ನು ಎದ್ದು ನಾಲ್ಕು ಹೆಜ್ಜೆ ನಡೆಯಿರಿ.